ಒಣಗುತ್ತದೆಯೇ ಎಂದು ಕೇಳಿ ಕೊಳ್ಳಿ: ಊಟದ ಡಬ್ಬಿಯಿಂದ ಶೇವರ್‌ವರೆಗೆ, ಕೊಡಗಿನ ದಿನಬಳಕೆಗೆ ಸಮಗ್ರ ಮಾರ್ಗದರ್ಶಿ

ಕಕ್ಕಡ ತಿಂಗಳ, ಅಂದರೆ ಜುಲೈ-ಆಗಸ್ಟ್ ನಡುವಿನ ಜಡಿಮಳೆಯ ದಿನಗಳ, ಒಂದು ಬೆಳಿಗ್ಗೆ. ಏಳೂವರೆಯ ಬಸ್ಸಿಗೆ ಹೊರಡುವ ಅವಸರ. ಎಡಗೆನ್ನೆ ಮುಗಿಸಿ ಬಲಗೆನ್ನೆಗೆ ಒಯ್ಯುವಷ್ಟರಲ್ಲಿ ನನ್ನ ಎಲೆಕ್ಟ್ರಿಕ್ ಶೇವರ್ ಒಮ್ಮೆ ಗೊರ್ ಎಂದು ನಿಂತುಹೋಯಿತು. ಕರೆಂಟ್ ಹೋಗಿ ಮೂರು ದಿನವಾಗಿತ್ತು; ಇನ್ವರ್ಟರ್ ಹಿಂದಿನ ರಾತ್ರಿಯೇ ಕಣ್ಣು ಮುಚ್ಚಿತ್ತು. ಅರ್ಧ ಮುಖ ನುಣುಪು, ಅರ್ಧ ಮುಖ ಕೊಯ್ದ ಗದ್ದೆಯ ಕೂಳೆ. ಜಗಲಿಯಲ್ಲಿ ಕುಳಿತಿದ್ದ ಅಪ್ಪ ತಲೆ ಎತ್ತದೆಯೇ, "ನನ್ನದು ಗೂಡಿನಲ್ಲಿದೆ, ತೆಗೆದುಕೋ. ಅದಕ್ಕೆ ಕರೆಂಟ್ ಬೇಡ" ಎಂದರು. ಹಿತ್ತಾಳೆಯ ರೇಜರ್, ನನಗಿಂತ ಹಿರಿಯ. ಹೊಸ ಬ್ಲೇಡ್ ಹಾಕಿ ಉಳಿದರ್ಧ ಮುಗಿಸಿ, ಗದ್ದದ ಮೇಲೆ ಎರಡು ಕಡೆ ಕಾಗದದ ಚೂರು ಅಂಟಿಸಿಕೊಂಡು ಬಸ್ಸು ಹಿಡಿದೆ.

ಆ ವಾರ, ಕೆಟ್ಟು ಅಟ್ಟ ಸೇರಿದ್ದ ಸಾಮಾನುಗಳನ್ನೆಲ್ಲ ಕೆಳಗಿಳಿಸಿ ಹರಡಿಕೊಂಡು ಕುಳಿತೆ. ಬಳಸಿ ಬಳಸಿ ಸವೆದದ್ದು ಎರಡೋ ಮೂರೋ. ಉಳಿದವೆಲ್ಲ ಒಣಗದೆ ಸತ್ತವು: ಮುಚ್ಚಳದ ವಾಷರ್‌ಗೆ ಕಪ್ಪು ಬೂಷ್ಟು ಹಿಡಿದ ಡಬ್ಬಿ, ಕಡ್ಡಿಗಳನ್ನು ತುಕ್ಕು ತಿಂದ ಮಡಿಚುವ ಕೊಡೆ, ಸ್ಪ್ರಿಂಗಿನ ಮೇಲೆ ಹಸಿರು ಪುಡಿ ಕಟ್ಟಿದ ಟಾರ್ಚು, ಒಳಗಿನಿಂದ ನಾರುವ ಚರ್ಮದ ಬೂಟು. ಅಂದಿನಿಂದ ಅಂಗಡಿಯಲ್ಲಿ ನಾನು ಬೆಲೆ ಕೇಳುವುದಕ್ಕೂ ಮೊದಲು ಯೋಚಿಸುವುದು ಒಂದೇ: ಜುಲೈ ತಿಂಗಳಿನಲ್ಲಿ, ನಮ್ಮ ಮನೆಯಲ್ಲಿ, ಇದು ರಾತ್ರಿ ಬೆಳಗಾಗುವುದರೊಳಗೆ ಒಣಗುತ್ತದೆಯೇ? ಮುಂದಿನ ಹೆಜ್ಜೆಗಳೆಲ್ಲ ಈ ಪ್ರಶ್ನೆಯನ್ನು ಒಂದೊಂದು ವಸ್ತುವಿಗೆ ಹಚ್ಚಿ ನೋಡುವ ಕೆಲಸ.

ಹೆಜ್ಜೆ 1: ಅಂಗಡಿಗೆ ಹೊರಡುವ ಮುನ್ನ ನಿಮ್ಮ ದಿನವನ್ನು ಬರೆದುಕೊಳ್ಳಿ

ಕೊಡಗು ಪುಟ್ಟ ಜಿಲ್ಲೆಯಾದರೂ ಇಲ್ಲಿ ಒಂದೇ ಹವೆ ಇಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ, ಭಾಗಮಂಡಲದ ಕಡೆ ಅದಕ್ಕಿಂತಲೂ ಹೆಚ್ಚು. ಗಂಟೆ ಹೊತ್ತು ಬಸ್ಸಿನಲ್ಲಿ ಕೆಳಗಿಳಿದು ಕುಶಾಲನಗರ ತಲುಪಿದರೆ ಜುಲೈಯಲ್ಲೂ ಹಗ್ಗದ ಮೇಲೆ ಬಟ್ಟೆ ಒಣಗುತ್ತಿರುತ್ತದೆ. ಅಲ್ಲಿಂದ ಬರುವ ನನ್ನ ಸಹೋದ್ಯೋಗಿ ಮೆಚ್ಚಿ ಕೊಂಡ ವಸ್ತು ನನ್ನ ಮನೆಯಲ್ಲಿ ಬಾಳುತ್ತದೆಂಬ ಭರವಸೆಯಿಲ್ಲ. ಬೆಂಗಳೂರಿನ ಒಣ ಫ್ಲಾಟಿನಲ್ಲಿ ಕುಳಿತು ಯಾರೋ ಐದು ನಕ್ಷತ್ರ ಕೊಟ್ಟ ವಸ್ತುವಿನ ಮಾತಂತೂ ದೂರ.

ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಳ್ಳಿ. ಬುತ್ತಿ ಕಟ್ಟುವುದಕ್ಕೂ ಉಣ್ಣುವುದಕ್ಕೂ ನಡುವೆ ಎಷ್ಟು ಗಂಟೆ? ಡಬ್ಬಿ ಹೋಗುವುದು ಬಸ್ಸಿನಲ್ಲಿ ತೊಡೆಯ ಮೇಲೋ, ಬೈಕಿನ ಪೆಟ್ಟಿಗೆಯಲ್ಲೋ, ತೋಟಕ್ಕೆ ಆಳುಗಳನ್ನು ಒಯ್ಯುವ ಪಿಕಪ್ ಜೀಪಿನಲ್ಲೋ? ಉಂಡ ಮೇಲೆ ತೊಳೆಯಲು ನೀರು ಸಿಗುತ್ತದೆಯೋ, ಸಂಜೆಯವರೆಗೆ ಎಂಜಲು ಡಬ್ಬಿಯನ್ನೇ ಹೊತ್ತು ತರಬೇಕೋ? ವಾರದಲ್ಲಿ ಎಷ್ಟು ಬಾರಿ ಗಡ್ಡ ಬೋಳಿಸುತ್ತೀರಿ? ಮಳೆಗಾಲದಲ್ಲಿ ಒಮ್ಮೆ ಕರೆಂಟ್ ಹೋದರೆ ಎಷ್ಟು ದಿನ ಬರುವುದಿಲ್ಲ? ಕೊನೆಯದಾಗಿ, ಒದ್ದೆ ಸಾಮಾನು ಒಣಗಿಸಲು ಮನೆಯಲ್ಲಿ ಬೆಚ್ಚಗಿನ ಜಾಗ ಎಲ್ಲಿದೆ? ಸೌದೆ ಒಲೆ ಇರುವ ಮನೆಯವರು ಈ ವಿಷಯದಲ್ಲಿ ಪುಣ್ಯವಂತರು. ಈ ಹಾಳೆ ಕಿಸೆಯಲ್ಲಿದ್ದರೆ ಅಂಗಡಿಯವನ ಮಾತಿಗೆ ಮರುಳಾಗುವುದು ಅರ್ಧ ತಪ್ಪುತ್ತದೆ.

ಹೆಜ್ಜೆ 2: ಯಾವ ವಸ್ತುವಾದರೂ ಮೊದಲು ಬಿಚ್ಚಿ ನೋಡಿ

ಅಂಗಡಿಯಲ್ಲಿ ನಿಂತೇ ಮಾಡಬಹುದಾದ ಪರೀಕ್ಷೆ ಇದು. ಬಿಚ್ಚಲು ಬರುವ ಭಾಗಗಳನ್ನೆಲ್ಲ ಬಿಚ್ಚಿ. ಪ್ರತಿ ಮೂಲೆಗೂ ಕಿರುಬೆರಳು ಹೋಗುತ್ತದೆಯೇ ನೋಡಿ. ಬೆರಳು ಹೋಗದ ಕಡೆ ಬಟ್ಟೆ ಹೋಗುವುದಿಲ್ಲ, ಗಾಳಿಯೂ ಸರಿಯಾಗಿ ಆಡುವುದಿಲ್ಲ. ನೀರು ಮಾತ್ರ ಹೇಗೋ ಹೋಗಿಬಿಡುತ್ತದೆ. ಎರಡು ಪದರದ ಪ್ಲಾಸ್ಟಿಕ್ ಮುಚ್ಚಳ, ಅಂಟಿಸಿದ ಹಿಡಿ, ತಳಕ್ಕೆ ಮೆತ್ತಿದ ರಬ್ಬರ್ ಪಟ್ಟಿ ಕಂಡರೆ ಅನುಮಾನಿಸಿ. ಆಮೇಲೆ ಮೂಗಿಗೆ ಹಿಡಿಯಿರಿ. ಹೊಸದರಲ್ಲೇ ಗಾಟು ವಾಸನೆ ಬರುವ ಪ್ಲಾಸ್ಟಿಕ್ ಮನೆಗೆ ಬಂದ ಮೇಲೆ ಸುಧಾರಿಸುತ್ತದೆಂದು ನಂಬಬೇಡಿ.

ಕಡೆಗೆ, ಮೊದಲು ಕೆಡುವ ಭಾಗ ಯಾವುದೆಂದು ಊಹಿಸಿ ಅದು ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿ. ಡಬ್ಬಿಗೆ ವಾಷರ್, ಶೇವರಿಗೆ ಜಾಲರಿ, ಕೊಡೆಗೆ ಕಡ್ಡಿ. "ಇಲ್ಲ ಸಾರ್, ಹೊಸದೇ ತೆಗೆದುಕೊಂಡರಾಯಿತು" ಎಂಬ ಉತ್ತರ ಬಂದರೆ, ವಸ್ತುವಿನ ಬೆಲೆಯನ್ನು ಮನಸ್ಸಿನಲ್ಲೇ ಎರಡರಿಂದ ಗುಣಿಸಿಕೊಂಡು ತೀರ್ಮಾನಿಸಿ.

ಹೆಜ್ಜೆ 3: ಊಟದ ಡಬ್ಬಿ

ಡಬ್ಬಿ ಆರಿಸುವುದು ಸುಲಭ ಎಂದುಕೊಂಡವರೇ ಹೆಚ್ಚು ಸೋರಿಸಿಕೊಳ್ಳುತ್ತಾರೆ. ಮೊದಲು ಒಳಗೆ ಏನು ಹೋಗುತ್ತದೆ ಎಂಬುದರಿಂದ ಆರಂಭಿಸಿ. ಅನ್ನ ಉಣ್ಣುವವರಿಗೆ 500ರಿಂದ 600 ಮಿಲಿಲೀಟರ್‌ನ ಒಂದು ಡಬ್ಬಿ, ಸಾರಿಗೋ ಪಲ್ಯಕ್ಕೋ 200ರಿಂದ 250 ಮಿಲಿಲೀಟರ್‌ನ ಇನ್ನೊಂದು ಸಾಕು. ಆದರೆ ನಮ್ಮ ಕಡೆಯ ತಿಂಡಿಗಳಿಗೆ ಅಳತೆಗಿಂತ ಆಕಾರ ಮುಖ್ಯ. ಕಡಂಬುಟ್ಟು ಅಕ್ಕಿತರಿಯ ಉಂಡೆ; ಈಗ ಬರುವ ತೆಳ್ಳನೆಯ, ಪುಸ್ತಕದಂಥ ಡಬ್ಬಿಯಲ್ಲಿ ಮುಚ್ಚಳ ಒತ್ತಿದರೆ ಅದು ಚಪ್ಪಟೆ. ಒಳಗಿನ ಆಳ ಕನಿಷ್ಠ 6 ಸೆಂಟಿಮೀಟರ್ ಇರಲಿ. ಅಂಗಡಿಯಲ್ಲಿ ಅಳತೆಪಟ್ಟಿ ಸಿಗದಿದ್ದರೆ ನಾಲ್ಕು ಬೆರಳು ಜೋಡಿಸಿ ಅಡ್ಡವಾಗಿ ಇಳಿಸಿ ನೋಡಿ, ಹೆಚ್ಚುಕಡಿಮೆ ಅಷ್ಟಾಗುತ್ತದೆ. ಅಕ್ಕಿರೊಟ್ಟಿಗೆ ಇದರ ತದ್ವಿರುದ್ಧ: ಅಗಲ ಬೇಕು, ಆಳ ಬೇಡ. ಶಾವಿಗೆಯಂಥ ನೂಲ್‌ಪುಟ್ಟನ್ನು ಹೇಗೆ ಒತ್ತಿದರೂ ಅದು ಕ್ಷಮಿಸುತ್ತದೆ.

ಇನ್ನು ಲೋಹ. ಹಂದಿಮಾಂಸದ ಪಂದಿಕರಿಗೆ ಹುಳಿ ಕೊಡುವ ಕಾಚಂಪುಳಿ ಸಾಮಾನ್ಯ ಹುಳಿಯಲ್ಲ. ಹಣ್ಣಿನ ರಸವನ್ನು ಕಪ್ಪಾಗಿ ಗಟ್ಟಿಯಾಗುವವರೆಗೆ ಕುದಿಸಿದ ಆ ಆಮ್ಲ ಅಲ್ಯೂಮಿನಿಯಂ ಜೊತೆ ಜಗಳಕ್ಕೆ ನಿಲ್ಲುತ್ತದೆ. ನಾಲ್ಕು ಗಂಟೆ ಆ ಡಬ್ಬಿಯಲ್ಲಿ ಕೂತ ಕರಿಗೆ ಲೋಹದ ರುಚಿ ಬರುತ್ತದೆ, ಡಬ್ಬಿಯ ಒಳಮೈಗೆ ಕಾಲಕ್ರಮದಲ್ಲಿ ಚುಕ್ಕಿ ಚುಕ್ಕಿ ಗುಳಿ ಬೀಳುತ್ತದೆ. ಸ್ಟೇನ್‌ಲೆಸ್ ಸ್ಟೀಲೇ ಇಲ್ಲಿ ದಾರಿ. ಅದರಲ್ಲೂ 304 ಎಂಬ ದರ್ಜೆ ನೋಡಿ. ಕೆಲವೆಡೆ 18/8 ಎಂದು ಒತ್ತಿರುತ್ತಾರೆ, ಅಂದರೆ ಶೇಕಡ 18 ಕ್ರೋಮಿಯಂ, ಶೇಕಡ 8 ನಿಕ್ಕಲ್. ಅಗ್ಗದ 202 ದರ್ಜೆಯಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಉಪ್ಪು, ಹುಳಿ, ತೇವ ಮೂರೂ ಕೂಡುವಲ್ಲಿ ಅದು ಬೇಗ ಕಂದು ಚುಕ್ಕಿ ತೋರಿಸುತ್ತದೆ. ಆಯಸ್ಕಾಂತ ಹಿಡಿದು ಪರೀಕ್ಷಿಸುವ ಬುದ್ಧಿವಂತರನ್ನು ಸಂತೆಯಲ್ಲಿ ಕಂಡಿದ್ದೇನೆ. 304, 202 ಎರಡಕ್ಕೂ ಆಯಸ್ಕಾಂತ ಹೆಚ್ಚುಕಡಿಮೆ ಅಂಟುವುದಿಲ್ಲವಾದ್ದರಿಂದ ಆ ಪರೀಕ್ಷೆ ಇವೆರಡನ್ನು ಬೇರ್ಪಡಿಸಲಾರದು. ಗಟ್ಟಿಯಾಗಿ ಕಚ್ಚಿಕೊಂಡರೆ ಅದು ನಿಕ್ಕಲ್ ಇಲ್ಲದ ಬೇರೆಯೇ ಜಾತಿ ಎಂದಷ್ಟೇ ತಿಳಿಯುತ್ತದೆ. ನಂಬಬಹುದಾದದ್ದು ಒತ್ತಿದ ಗುರುತು. ಸ್ಟೀಲ್ ಮತ್ತು ಅಲ್ಯೂಮಿನಿಯಂ ಪಾತ್ರೆಗಳಿಗೆ ಐಎಸ್‌ಐ ಗುರುತನ್ನು ಕಡ್ಡಾಯಗೊಳಿಸುವ ಕೇಂದ್ರದ ಆದೇಶ ಹೊರಟದ್ದು 2024ರ ಮಾರ್ಚ್‌ನಲ್ಲಿ. ಆ ಗುರುತಿನ ಜೊತೆಗಿರುವ ಪರವಾನಗಿ ಸಂಖ್ಯೆಯನ್ನು ಭಾರತೀಯ ಮಾನಕ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ತಯಾರಕರ ಹೆಸರು ಬರುತ್ತದೆ.

ಪ್ಲಾಸ್ಟಿಕ್ ಬೇಕೇ ಬೇಕೆಂದರೆ ತಳದ ತ್ರಿಕೋನದಲ್ಲಿ 5 ಎಂಬ ಅಂಕಿ ಇರಲಿ. ಅದು ಪಾಲಿಪ್ರೊಪಿಲೀನ್, ಬಿಸಿಯನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಆದರೂ ನಮ್ಮ ಅಡುಗೆಗೆ ಅದು ಒಗ್ಗುವುದಿಲ್ಲ ಎಂಬುದು ನನ್ನ ಅನುಭವ. ಕಣಿಲೆಯ, ಅಂದರೆ ಎಳೆ ಬಿದಿರಿನ, ಪಲ್ಯವನ್ನು ಒಮ್ಮೆ ಹೊತ್ತ ಡಬ್ಬಿ ಮುಂದಿನ ತಿಂಗಳ ಮೊಸರನ್ನಕ್ಕೂ ಆ ಸುದ್ದಿ ಹೇಳುತ್ತದೆ. ಕಕ್ಕಡ 18ರಂದು ಮಾಡುವ ಮದ್ದುಸೊಪ್ಪಿನ ಪಾಯಸವನ್ನು ಬಿಳಿ ಡಬ್ಬಿಯಲ್ಲಿ ಕಚೇರಿಗೆ ಒಯ್ದವರಿಗೆ ಆ ನೇರಳೆ ಬಣ್ಣದ ಹಟದ ಬಗ್ಗೆ ನಾನು ಹೇಳಬೇಕಿಲ್ಲ. ಗಾಜಿನ ಡಬ್ಬಿಗೆ ಈ ಎರಡು ದೋಷವೂ ಇಲ್ಲ, ಆದರೆ ಭಾರ ಹೆಚ್ಚು. ನಮ್ಮ ಘಾಟಿ ತಿರುವುಗಳಲ್ಲಿ ತಲೆಯ ಮೇಲಿನ ಕಂಬಿಗೂಡಿನಿಂದ ಚೀಲ ಬೀಳುವುದನ್ನು ಕಂಡವರು ಅದನ್ನು ಕೊಳ್ಳುವುದಿಲ್ಲ.

ಈಗ ಮುಚ್ಚಳ, ಡಬ್ಬಿಯ ನಿಜವಾದ ಜೀವ. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ನಾನು ಡಬ್ಬಿ ಕೊಂಡದ್ದು ಹೀಗೆ: ಪಾತ್ರೆಯವರಲ್ಲಿ ಒಂದು ಲೋಟ ನೀರು ಕೇಳಿದೆ. "ಬಾಯಾರಿಕೆಯೇ?" ಎಂದರು. "ನನಗಲ್ಲ, ಡಬ್ಬಿಗೆ" ಎಂದೆ. ಮುಕ್ಕಾಲು ತುಂಬಿಸಿ, ಕೊಂಡಿ ಹಾಕಿ, ಹಳೆಯ ಪತ್ರಿಕೆಯ ಮೇಲೆ ಬೋರಲು ಹಾಕಿ ಇಬ್ಬರೂ ಕಾದೆವು. ಮೊದಲನೆಯದರ ಅಂಚಿನಲ್ಲಿ ಒಂದು ನಿಮಿಷದೊಳಗೆ ಕಾಗದ ಕಪ್ಪಾಯಿತು. ಎರಡನೆಯದು ಐದು ನಿಮಿಷ ತಡೆಯಿತು. ಮೇಲಿಂದ ಹತ್ತು ಬಾರಿ ಕುಲುಕಿದೆ, ಒಂದು ಹನಿ ಇಲ್ಲ. ನೀರು ಕೊಡಲು ಹಿಂಜರಿಯುವವರ ಹತ್ತಿರ ಡಬ್ಬಿ ಕೊಳ್ಳಬೇಡಿ, ಅವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ.

ಕೊಂಡಿ ಪ್ಲಾಸ್ಟಿಕ್ಕಿನದಾದರೆ ಮಡಿಚುವ ತೆಳು ಜಾಗದಲ್ಲೇ ಮುರಿಯುತ್ತದೆ, ಮುರಿದರೆ ಡಬ್ಬಿಯೇ ಹೋಯಿತು. ಸ್ಟೀಲ್ ತಂತಿಯ ಕೊಂಡಿ ಸಡಿಲವಾದರೆ ಇಕ್ಕಳದಲ್ಲಿ ಒಂದಿಷ್ಟು ಬಾಗಿಸಿದರೆ ಸಾಕು. ವಾಷರ್ ಬೆರಳಲ್ಲಿ ಸುಲಭವಾಗಿ ಹೊರಬರಬೇಕು. ಚಾಕುವಿನ ತುದಿ ಬೇಕಾಗುವಂತಿದ್ದರೆ ನೀವು ವಾರಕ್ಕೊಮ್ಮೆಯೂ ತೆಗೆಯುವುದಿಲ್ಲ, ತೆಗೆಯದಿದ್ದರೆ ಅದರಡಿಯಲ್ಲಿ ಬೂಷ್ಟು ಖಚಿತ. ಪ್ರತಿ ರಾತ್ರಿ ವಾಷರನ್ನು ಬೇರೆಯಾಗಿ ತೊಳೆದು, ಒರೆಸಿ, ಮೊಳೆಗೆ ನೇತುಹಾಕಿ. ಮುಚ್ಚಳ ಹಾಕಿದ ಡಬ್ಬಿಯನ್ನು ಕಪಾಟಿನಲ್ಲಿಟ್ಟರೆ ಶನಿವಾರ ಇಟ್ಟದ್ದು ಸೋಮವಾರ ಮೂಗು ಮುಚ್ಚಿಕೊಂಡು ತೆಗೆಯಬೇಕಾಗುತ್ತದೆ.

ಬಿಸಿ ಉಳಿಸುವ ಡಬ್ಬಿಯ ಬಗ್ಗೆ ಒಂದು ಎಚ್ಚರಿಕೆ. ಬೇಯಿಸಿದ ಆಹಾರದಲ್ಲಿ ಸೂಕ್ಷ್ಮಜೀವಿಗಳು ಹುಲುಸಾಗಿ ಬೆಳೆಯುವುದು ಸುಮಾರು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ. ಬೆಚ್ಚಗಷ್ಟೇ ಇರುವ ಅನ್ನವನ್ನು ಇಂಥ ಡಬ್ಬಿಗೆ ಹಾಕಿದರೆ ಮಧ್ಯಾಹ್ನದವರೆಗೆ ಅವುಗಳಿಗೆ ತೊಟ್ಟಿಲು ಕಟ್ಟಿಕೊಟ್ಟಂತೆ. ನಿರ್ವಾತ ಪದರದ ಡಬ್ಬಿ ಕೊಂಡರೆ ಮೊದಲು ಕುದಿನೀರು ತುಂಬಿ ಐದು ನಿಮಿಷ ಬಿಟ್ಟು, ಚೆಲ್ಲಿ, ಒಲೆಯಿಂದಿಳಿದ ಬಿಸಿಯಲ್ಲೇ ತುಂಬಿಸಿ. ಆ ತಾಳ್ಮೆ ಇಲ್ಲವೆಂದರೆ ಸಾದಾ ಸ್ಟೀಲ್ ಡಬ್ಬಿಯೇ ಲೇಸು. ಅದರಲ್ಲಿ ಕಡಂಬುಟ್ಟು ಕಟ್ಟುವಾಗ ಹತ್ತು ನಿಮಿಷ ಆರಲು ಬಿಡಿ, ಇಲ್ಲದಿದ್ದರೆ ಮುಚ್ಚಳದ ಹಬೆ ಹನಿಯಾಗಿ ಇಳಿದು ಉಂಡೆಗಳೆಲ್ಲ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಹೆಜ್ಜೆ 4: ನೀರಿನ ಬಾಟಲಿ, ಫ್ಲಾಸ್ಕ್

ಬಾಯಿ ಅಗಲವಾಗಿರಲಿ, ನಿಮ್ಮ ಬ್ರಷ್ ತಳ ಮುಟ್ಟಲಿ. ಹೀರುಕೊಳವೆ, ಗುಂಡಿ ಒತ್ತಿದರೆ ತೆರೆಯುವ ಮುಚ್ಚಳ ಇರುವವು ನೋಡಲು ಚೆನ್ನ, ಆದರೆ ಅವುಗಳ ಒಳಗಿನ ಸುರುಳಿಗಳಲ್ಲಿ ನೀರು ನಿಂತೇ ಇರುತ್ತದೆ. ಬರೀ ಕುಡಿಯುವ ನೀರಿಗೆ ಒಂದೇ ಪದರದ ಸ್ಟೀಲ್ ಬಾಟಲಿ ಸಾಕು; ಹಗುರ, ಅಗ್ಗ. ಕಾಫಿ ಒಯ್ಯುವವರಿಗೆ ನಿರ್ವಾತ ಫ್ಲಾಸ್ಕ್. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯುವುದು 96 ಡಿಗ್ರಿಯ ಆಸುಪಾಸಿನಲ್ಲಿ. ಫ್ಲಾಸ್ಕಿನ ಓಟ ನಾಲ್ಕು ಹೆಜ್ಜೆ ಹಿಂದಿನಿಂದ ಶುರುವಾಗುತ್ತದೆ ಎಂದಿಟ್ಟುಕೊಳ್ಳಿ. ಪರೀಕ್ಷೆ ಸುಲಭ: ಕುದಿನೀರು ತುಂಬಿ ಹತ್ತು ನಿಮಿಷ ಬಿಟ್ಟು ಹೊರಮೈ ಸವರಿ. ಎಲ್ಲಾದರೂ ಬಿಸಿ ತಟ್ಟಿದರೆ ನಿರ್ವಾತ ಹೋಗಿದೆ, ವಾಪಸ್ ಕೊಡಿ. ಹಾಲು ಬೆರೆಸಿದ ಕಾಫಿಯನ್ನು ಸಂಜೆಯವರೆಗೆ ಅದರಲ್ಲಿ ಇಡಬೇಡಿ. ಬೆಲ್ಲದ ಕರಿಕಾಫಿ ಕುಡಿಯುವ ಅಭ್ಯಾಸವಿರುವವರಿಗೆ ಈ ತೊಂದರೆಯೇ ಇಲ್ಲ.

ಹೆಜ್ಜೆ 5: ಶೇವರ್, ರೇಜರ್

ಇದರಲ್ಲಿ ನಾನು ಕಳೆದುಕೊಂಡ ಹಣ ಹೆಚ್ಚು, ಹಾಗಾಗಿ ಹೇಳುವುದೂ ಹೆಚ್ಚು.

ಮೊದಲು ನಿಮ್ಮ ಗಡ್ಡದ ಲೆಕ್ಕ. ದಿನವೂ ಬೋಳಿಸುವವರಿಗೆ ಎಲೆಕ್ಟ್ರಿಕ್ ಯಂತ್ರಗಳಲ್ಲಿ ಜಾಲರಿ ಇರುವ, ಬ್ಲೇಡ್ ಅತ್ತಿತ್ತ ಓಡುವ ಬಗೆ ಒಳ್ಳೆಯದು. ಚಿಕ್ಕ ಕೂದಲನ್ನು ಚರ್ಮದ ಹತ್ತಿರಕ್ಕೆ ಕತ್ತರಿಸುತ್ತದೆ. ಎರಡು ಮೂರು ದಿನಕ್ಕೊಮ್ಮೆ ಬೋಳಿಸುವವರಿಗೆ ಮೂರು ದುಂಡು ತಲೆಗಳು ತಿರುಗುವ ಬಗೆ ವಾಸಿ. ಬೆಳೆದ, ಅಡ್ಡಾದಿಡ್ಡಿ ಕೂದಲನ್ನು ಅದು ಹೆಚ್ಚು ಸಹನೆಯಿಂದ ಹಿಡಿಯುತ್ತದೆ. ವಾರಕ್ಕೊಮ್ಮೆಯ ಗಿರಾಕಿಗಳು ಟ್ರಿಮ್ಮರ್ ಕೊಂಡು ಹಣ ಉಳಿಸಲಿ. ಯಾವುದೇ ಎಲೆಕ್ಟ್ರಿಕ್ ಶೇವರಿಗೆ ಚರ್ಮ ಒಗ್ಗಲು ಎರಡು ಮೂರು ವಾರ ಬೇಕು. ಮೊದಲ ದಿನದ ಉರಿ ನೋಡಿ ಬಯ್ಯಬೇಡಿ.

ಆಮೇಲೆ ನೀರಿನ ಲೆಕ್ಕ. ಪೆಟ್ಟಿಗೆಯ ಮೇಲೆ ಐಪಿಎಕ್ಸ್7 ಎಂದಿದ್ದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುತ್ತದೆ ಎಂದರ್ಥ. ಐಪಿಎಕ್ಸ್4 ಎಂದರೆ ಸಿಡಿದ ಹನಿಗಷ್ಟೇ. ಶೇವರಿನ ತಲೆಯನ್ನು ನಲ್ಲಿಯಡಿ ತೊಳೆಯುವವರು ಮೊದಲನೆಯದನ್ನೇ ಕೊಳ್ಳಿ. ತೊಳೆದ ಮೇಲೆ ತಲೆ ತೆರೆದು ರಾತ್ರಿಯಿಡೀ ಬಿಡಿ. ಸೋಪು ಹಾಕಿ ತೊಳೆಯುವವರು ವಾರಕ್ಕೊಮ್ಮೆ ಬ್ಲೇಡಿಗೆ ಒಂದು ಹನಿ ತೆಳು ಯಂತ್ರದ ಎಣ್ಣೆ ಮುಟ್ಟಿಸಬೇಕು. ಶೇವರಿನ ಜೊತೆ ಬರುವ ಚೆಂದದ ಚರ್ಮದ ಚೀಲವನ್ನು ಬೇಸಿಗೆಯ ಪ್ರಯಾಣಕ್ಕೆ ಎತ್ತಿಡಿ. ನನ್ನದರಲ್ಲಿ ಒಂದೇ ಮಳೆಗಾಲಕ್ಕೆ ಹಸಿರು ಪಾಚಿಯಂಥದೇನೋ ಬೆಳೆದಿತ್ತು.

ಮೂರನೆಯದು ಕರೆಂಟಿನ ಲೆಕ್ಕ, ನನ್ನ ಅರ್ಧಮುಖದ ಪಾಠ. ನೀರಿನಲ್ಲಿ ಬಳಸಬಹುದಾದ ಶೇವರುಗಳಲ್ಲಿ ಹಲವು, ಸುರಕ್ಷತೆಗಾಗಿ, ವೈರು ಚುಚ್ಚಿರುವಾಗ ಓಡುವುದೇ ಇಲ್ಲ. ಚಾರ್ಜ್ ಮುಗಿದರೆ ಕಾಯಲೇಬೇಕು. ಆದ್ದರಿಂದ ಐದು ನಿಮಿಷ ಚಾರ್ಜ್ ಮಾಡಿದರೆ ಒಂದು ಬಾರಿಗೆ ಸಾಕಾಗುವಂಥದ್ದನ್ನು ಕೇಳಿ. ಅದಕ್ಕಿಂತ ಮುಖ್ಯವಾಗಿ, ಮೊಬೈಲಿನ ಟೈಪ್-ಸಿ ವೈರಿನಿಂದಲೇ ಚಾರ್ಜ್ ಆಗುವುದು ಸಿಕ್ಕರೆ ಬಿಡಬೇಡಿ: ಕರೆಂಟ್ ಇಲ್ಲದ ದಿನ ಪವರ್ ಬ್ಯಾಂಕ್ ಅಥವಾ ಜೀಪು ಕೈಹಿಡಿಯುತ್ತದೆ. ತನ್ನದೇ ವಿಚಿತ್ರ ಪಿನ್ನಿನ ಚಾರ್ಜರ್ ಇರುವುದನ್ನು ಕೊಂಡರೆ, ಆ ಚಾರ್ಜರ್ ಸಿಡಿಲಿಗೆ ಸುಟ್ಟ ದಿನ ಶೇವರಿನ ತಿಥಿಯನ್ನೂ ಮಾಡಬಹುದು. ಜಾಲರಿ ಮತ್ತು ಬ್ಲೇಡಿನ ಜೋಡಿಯನ್ನು ಸುಮಾರು ಒಂದೂವರೆ ವರ್ಷಕ್ಕೊಮ್ಮೆ ಬದಲಿಸಬೇಕಾಗುತ್ತದೆ. ಶೇವರಿನ ಬೆಲೆಗೆ ಮೊದಲು ಅದರ ಬೆಲೆ ವಿಚಾರಿಸಿ. ಹಾಗೆಯೇ ದುರಸ್ತಿ ಕೇಂದ್ರ ಎಲ್ಲಿದೆ ಎಂದೂ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಒಂದು ಶೇವರಿಗಾಗಿ ಯಾರೂ ಎರಡು ಬಾರಿ ಹೋಗುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ನನ್ನ ಓಟು ಅಪ್ಪನ ಬಗೆಯ ರೇಜರಿಗೆ. ತೆಳು ಬ್ಲೇಡನ್ನು ಬದಲಿಸಿ ಬಳಸುವ ಈ ವಿನ್ಯಾಸಕ್ಕೆ ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಪೇಟೆಂಟ್ ಪಡೆದದ್ದು 1904ರಲ್ಲಿ. ಮೂರು ತುಂಡಾಗಿ ಬಿಚ್ಚುತ್ತದೆ, ಬಟ್ಟೆಯಲ್ಲಿ ಒರೆಸಿಟ್ಟರೆ ಕಾಫಿ ಕುಡಿದು ಮುಗಿಸುವುದರೊಳಗೆ ಒಣಗಿರುತ್ತದೆ, ಬ್ಲೇಡು ಊರಿನ ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ. ಹಿಡಿಯ ತುದಿ ತಿರುಗಿಸಿದರೆ ಚಿಟ್ಟೆಯ ರೆಕ್ಕೆಯಂತೆ ತಲೆ ತೆರೆಯುವ ಬಗೆ ಮಾತ್ರ ಬೇಡ. ಅದರ ಒಳಗಿನ ಸಂದುಗಳಲ್ಲಿ ಸೋಪಿನ ಗಸಿಯೂ ನೀರೂ ಸೇರಿಕೊಳ್ಳುತ್ತವೆ. ಸತುವಿನ ಮಿಶ್ರಲೋಹಕ್ಕೆ ಕ್ರೋಮ್ ಲೇಪ ಹಚ್ಚಿದ್ದು ನಮ್ಮ ತೇವಕ್ಕೆ ಸಿಪ್ಪೆ ಬಿಡುತ್ತದೆ. ಹಿತ್ತಾಳೆ ಅಥವಾ ಪೂರ್ತಿ ಸ್ಟೀಲ್ ಆದರೆ ಮಗನಿಗೂ ಕೊಡಬಹುದು. ಬಳಸುವಾಗ ಸುಮಾರು 30 ಡಿಗ್ರಿ ಓರೆ, ಒತ್ತಡ ಸೊನ್ನೆ. ರೇಜರಿನ ಭಾರವೇ ಕೆಲಸ ಮಾಡಲಿ. ಕಲಿಯಲು ಒಂದು ವಾರ, ಎರಡು ಗಾಯ, ಒಂದು ಪಟಿಕದ ತುಂಡು ಬೇಕು.

ಬ್ಲೇಡು ಯಾಕೆ ಮೊಂಡಾಗುತ್ತದೆ ಎಂದು ಎಂದಾದರೂ ಯೋಚಿಸಿದ್ದೀರಾ? ಉಕ್ಕು ಕೂದಲಿಗಿಂತ ಸುಮಾರು 50 ಪಟ್ಟು ಗಟ್ಟಿ. ಆದರೂ ಕತ್ತರಿಸುವಾಗ ಕೂದಲು ಬಾಗಿ ಅಂಚನ್ನು ಓರೆಯಾಗಿ ತಳ್ಳಿದಾಗ ಉಕ್ಕಿನಿಂದ ಸಣ್ಣ ಚಕ್ಕೆ ಹಾರುತ್ತದೆ ಎಂದು 2020ರಲ್ಲಿ ಅಮೆರಿಕದ ಎಂಐಟಿ ಸಂಶೋಧಕರು ಸೂಕ್ಷ್ಮದರ್ಶಕದಡಿ ತೋರಿಸಿದರು. ಇನ್ನು ನೀರು ಕುಡಿದ ಕೂದಲು ಮೆತ್ತಗಾಗಿ ಸುಲಭವಾಗಿ ತುಂಡಾಗುತ್ತದೆ. ಬಿಸಿನೀರಿನಲ್ಲಿ ಮುಖ ತೊಳೆದು ಎರಡು ಮೂರು ನಿಮಿಷ ನೊರೆ ಹಚ್ಚಿಕೊಂಡು ನಿಲ್ಲುವುದು ಸೋಮಾರಿತನವಲ್ಲ. ಒಂದು ಬ್ಲೇಡನ್ನು ಐದಾರು ಬಾರಿಗಿಂತ ಎಳೆಯಬೇಡಿ, ತುಕ್ಕು ಕಂಡರೆ ಲೆಕ್ಕ ನೋಡದೆ ಬಿಸಾಡಿ, ಹಾಗೆ ಬಿಸಾಡುವಾಗ ದಪ್ಪ ಕಾಗದದಲ್ಲಿ ಸುತ್ತಿ. ಬ್ಲೇಡ್ ಹಂಚಿಕೊಳ್ಳುವ ಅಭ್ಯಾಸ ಕೆಲವು ತೋಟಗಳಲ್ಲಿ ಕಾರ್ಮಿಕರ ಸಾಲು ಮನೆಗಳಾದ ಲೈನ್ ಮನೆಗಳಲ್ಲಿ ಇನ್ನೂ ಇದೆ. ಹೆಪಟೈಟಿಸ್ ಬಿ ಮತ್ತು ಸಿ ರಕ್ತದ ಒಂದು ಹನಿಯಿಂದಲೇ ಹರಡಬಲ್ಲವು. ರೇಜರಿನ ಹಿಡಿ ಅಪ್ಪನದಾದರೂ ಬ್ಲೇಡು ನಿಮ್ಮದೇ ಇರಲಿ.

ಕಾರ್ಟ್ರಿಜ್ ರೇಜರ್ ಕೊಳ್ಳುವವರಿಗೆ ಒಂದೇ ಮಾತು: ಹಿಡಿಯ ಬೆಲೆ ನೋಡಬೇಡಿ, ಮರುಬ್ಲೇಡಿನ ಬೆಲೆ ನೋಡಿ. ಬ್ಲೇಡುಗಳ ಹಿಂಬದಿ ತೆರೆದಿದ್ದರೆ ಕೂದಲು ತೊಳೆದುಹೋಗುತ್ತದೆ. ಮುಚ್ಚಳ ಹಾಕಿಡಬೇಡಿ, ಒಳಗೆ ನೀರು ನಿಲ್ಲುತ್ತದೆ. ಹೆಂಗಸರಿಗೆಂದು ಗುಲಾಬಿ ಬಣ್ಣ ಬಳಿದದ್ದಕ್ಕೆ ಹೆಚ್ಚು ಬೆಲೆ ಕೊಡುವ ಮೊದಲು ಪಕ್ಕದ ಕಪ್ಪು ಬಣ್ಣದ್ದರ ಬ್ಲೇಡನ್ನೂ ಹೋಲಿಸಿ ನೋಡಿ.

ಹೆಜ್ಜೆ 6: ಕೊಡೆ ಮತ್ತು ಮಳೆಕೋಟು

ಮೂರು ಮಡಿಕೆಯ ಪುಟ್ಟ ಕೊಡೆ ಬೆಂಗಳೂರಿಗೆ. ನಮ್ಮ ಗಾಳಿಗೆ ಅದು ಒಂದು ತಿರುವಿನಲ್ಲಿ ಹೂವಾಗಿ ಅರಳಿಬಿಡುತ್ತದೆ. ನಡೆದು ಬಸ್ಸಿಗೆ ಹೋಗುವವರು ಉದ್ದ ಕೋಲಿನ, 23 ಅಂಗುಲದ ಕಡ್ಡಿಯ ಕೊಡೆ ಹಿಡಿಯಲಿ. ಜೊತೆಗೆ ಮಗುವಿದ್ದರೆ 27 ಅಂಗುಲ. ಕಡ್ಡಿ ಫೈಬರಿನದಾದರೆ ಬಾಗಿ ಮತ್ತೆ ನೆಟ್ಟಗಾಗುತ್ತದೆ, ತುಕ್ಕೂ ಹಿಡಿಯದು. ಅಂಗಡಿಯಲ್ಲಿ ತೆರೆದು ಒಂದು ಕಡ್ಡಿಯ ತುದಿಯನ್ನು ಮೆಲ್ಲನೆ ಒತ್ತಿ ಬಿಡಿ, ಮರಳಿ ಬರುವ ರೀತಿಯಲ್ಲೇ ಗೊತ್ತಾಗುತ್ತದೆ. ಬಟ್ಟೆ ಕಡ್ಡಿಯ ತುದಿಗೆ ಹೊಲಿದಿರಬೇಕು, ಅಂಟಿಸಿದ್ದು ಬೇಡ. ಮನೆಗೆ ಬಂದ ಮೇಲೆ ಅರ್ಧ ತೆರೆದು ತಲೆಕೆಳಗಾಗಿ ತೂಗುಹಾಕಿ. ಸುತ್ತಿ ಗುಂಡಿ ಹಾಕಿ ಮೂಲೆಗಿಡುವವರು ಪ್ರತಿ ಜೂನ್‌ನಲ್ಲಿ ಹೊಸದು ಕೊಳ್ಳುವವರು. ಪೇಟೆಯ ಮೂಲೆಯಲ್ಲಿ ಕುಳಿತು ಕೊಡೆ ರಿಪೇರಿ ಮಾಡುವವರು ಇನ್ನೂ ಇರುವಾಗಲೇ ಉದ್ದ ಕೊಡೆ ಕೊಳ್ಳಿ, ಅವರ ಕೈಗೆ ಮಡಿಚುವ ಕೊಡೆಗಳು ಅಷ್ಟು ಒಗ್ಗುವುದಿಲ್ಲ.

ಬೈಕಿನವರಿಗೆ ಎರಡು ತುಂಡಿನ ಮಳೆಕೋಟೇ ಸರಿ. ಒಳಗಿನಿಂದ ಹೊಲಿಗೆಗಳ ಮೇಲೆ ಪಟ್ಟಿ ಅಂಟಿಸಿದ್ದಾರೆಯೇ ನೋಡಿ. ನೀರು ಬರುವುದು ಬಟ್ಟೆಯಿಂದಲ್ಲ, ಸೂಜಿಯ ತೂತಿನಿಂದ. ತೊಡೆಯ ಸಂದಿಯ ಹೊಲಿಗೆಯನ್ನು ವಿಶೇಷವಾಗಿ ಗಮನಿಸಿ. ಸೀಟಿನಲ್ಲಿ ಕುಳಿತಾಗ ನೀರು ಕೊಳವಾಗಿ ನಿಲ್ಲುವುದು ಅಲ್ಲೇ. ದಪ್ಪ ಪಿವಿಸಿ ಒರಟಾದರೂ ಒರೆಸಿದರೆ ಒಣಗುತ್ತದೆ. ಒಳಗೆ ಬಟ್ಟೆಯ ಅಸ್ತರಿ ಇರುವುದು ಮೂರನೆಯ ದಿನದಿಂದ ನಾರತೊಡಗುತ್ತದೆ. ಹಳಬರ ಕಂಬಳಿಕೊಪ್ಪೆಯ ಬೆಚ್ಚನೆ ಯಾವುದರಲ್ಲೂ ಇಲ್ಲ, ಆದರೆ ಅದನ್ನು ಹೊದ್ದು ಕಚೇರಿಗೆ ಹೋಗುವ ಧೈರ್ಯ ನನಗಿಲ್ಲ.

ಹೆಜ್ಜೆ 7: ಟಾರ್ಚು, ಬೂಟು, ಬೈರಾಸು

ಇವು ಚಿಕ್ಕವು. ಟಾರ್ಚಿಗೆ 200 ಲ್ಯೂಮೆನ್ (ಬೆಳಕಿನ ಅಳತೆ) ಮನೆದಾರಿಗೆ ಸಾಕು. ಸಿದ್ದಾಪುರ, ತಿತಿಮತಿಯ ಕಡೆ ಆನೆ ಓಡಾಡುವ ತೋಟದಂಚಿನಲ್ಲಿ ಇರುವವರು ದೂರಕ್ಕೆ ಬೆಳಕು ಚೆಲ್ಲುವಂಥದ್ದನ್ನೇ ತೆಗೆದುಕೊಳ್ಳಿ. ಬದಲಿಸಬಹುದಾದ ಬ್ಯಾಟರಿ ಇರಲಿ, ಬೇಸಿಗೆಯಲ್ಲಿ ಬ್ಯಾಟರಿ ಹೊರತೆಗೆದಿಡಿ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದು ದಾರಿ, ಕರೆಂಟ್ ಎರಡೂ ಕಡಿದುಹೋದಾಗ ಚಾರ್ಜ್ ಮಾಡುವ ಟಾರ್ಚುಗಳು ಸುಮ್ಮನಾದವು, ಸೆಲ್ ಹಾಕುವವು ಉರಿದವು. ಮನೆಯಲ್ಲಿ ಎರಡೂ ಬಗೆ ಒಂದೊಂದಿರಲಿ.

ಗಂಬೂಟನ್ನು ಸಂಜೆ ಹೊತ್ತು, ದಪ್ಪ ಕಾಲುಚೀಲ ಹಾಕಿಕೊಂಡು ಕೊಳ್ಳಿ. ಸಂಜೆಗೆ ಪಾದ ಸ್ವಲ್ಪ ಊದಿರುತ್ತದೆ. ಒಳಪದರ ಹೊರತೆಗೆಯಲು ಬರಬೇಕು. ಜಿಗಣೆಗೆ ಬೂಟಿಗಿಂತ ಬಿಗಿ ನೇಯ್ಗೆಯ, ಮೊಣಕಾಲವರೆಗಿನ ಕಾಲುಚೀಲವೇ ಕಾವಲು. ಹೊಗೆಸೊಪ್ಪಿನ ನೀರೋ ಸುಣ್ಣವೋ ಎಂಬ ವಾದ ಮುಗಿಯುವುದಿಲ್ಲ, ನಾನು ಅದಕ್ಕೆ ಇಳಿಯುವುದೂ ಇಲ್ಲ.

ಬೈರಾಸಿನ ವಿಷಯದಲ್ಲಿ ಹೋಟೆಲಿನ ದಪ್ಪ ಟವೆಲಿನ ಆಸೆ ಬಿಡಿ. ಚದರ ಮೀಟರಿಗೆ 600 ಗ್ರಾಂ ತೂಗುವ ಟವೆಲ್ ನೀರು ಚೆನ್ನಾಗಿ ಕುಡಿಯುತ್ತದೆ, ಕುಡಿದದ್ದನ್ನು ವಾರವಾದರೂ ಕಕ್ಕುವುದಿಲ್ಲ. ತೆಳ್ಳನೆಯ ಹತ್ತಿಯ ಬೈರಾಸು ಒಲೆಯ ಮೇಲಿನ ಹಗ್ಗದಲ್ಲಿ ಬೆಳಗಾಗುವುದರೊಳಗೆ ಗರಿಗರಿ. ಹೊಗೆಯ ವಾಸನೆ ಬರುತ್ತದೆ, ನಿಜ. ಬೂಷ್ಟಿನ ವಾಸನೆಗಿಂತ ಅದು ಸಾವಿರ ಪಾಲು ಮೇಲು.

ಹೆಜ್ಜೆ 8: ಹಣ ಕೊಡುವಾಗ, ಮತ್ತು ಮೊದಲ ವಾರ

ಪೆಟ್ಟಿಗೆಯ ಮೇಲೆ ಗರಿಷ್ಠ ಬೆಲೆ, ತಯಾರಾದ ತಿಂಗಳು ಮತ್ತು ವರ್ಷ, ದೂರು ಕೊಡಬೇಕಾದ ವಿಳಾಸ ಮುದ್ರಿಸಿದೆಯೇ ನೋಡಿ. ಶೇವರ್, ಟಾರ್ಚುಗಳಲ್ಲಿ ತಯಾರಾದ ವರ್ಷಕ್ಕೆ ಬೆಲೆ ಇದೆ: ಎರಡು ಮಳೆಗಾಲ ಗೋದಾಮಿನಲ್ಲಿ ಮಲಗಿದ ಬ್ಯಾಟರಿ ಹೊಸದಲ್ಲ. ವಾರಂಟಿ ಚೀಟಿಗೆ ಅಂಗಡಿಯ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಸರಿಯಾದ ಉತ್ತರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಆನ್‌ಲೈನಿನಲ್ಲಿ ತರಿಸಿದವರು ವಾಪಸ್ ಕೊಡುವ ಅವಧಿ ಎಷ್ಟು ದಿನ ಎಂದು ಮೊದಲು ಓದಿ, ಆ ದಿನಗಳೊಳಗೆ ವಸ್ತುವನ್ನು ನಿಜವಾಗಿ ದುಡಿಸಿ. ಹಬ್ಬಕ್ಕೆಂದು ಎತ್ತಿಡಬೇಡಿ. ಡಬ್ಬಿಗೆ ಬಿಸಿ ಸಾರು ತುಂಬಿ ಚೀಲದಲ್ಲಿ ಅಡ್ಡ ಮಲಗಿಸಿ. ಫ್ಲಾಸ್ಕಿನ ಹೊರಮೈ ಸವರಿ. ಶೇವರನ್ನು ಚಾರ್ಜ್ ಮುಗಿಯುವವರೆಗೆ ಓಡಿಸಿ ಗಡಿಯಾರ ನೋಡಿ. ರಾತ್ರಿ ಎಲ್ಲವನ್ನೂ ತೊಳೆದು ಬಿಚ್ಚಿಟ್ಟು, ಬೆಳಿಗ್ಗೆ ಎದ್ದೊಡನೆ ಸಂದುಗಳಿಗೆ ಒಣ ಕಾಗದದ ಚೂರು ತುರುಕಿ ತೆಗೆಯಿರಿ. ಒದ್ದೆಯಾಗಿ ಬಂದದ್ದನ್ನು ಅಂದೇ ವಾಪಸ್ ಕಟ್ಟಿ.

ಬಿಲ್ಲಿನ ಫೋಟೋ ತೆಗೆದಿಡುವುದನ್ನು ಮರೆಯಬೇಡಿ. ಈಗಿನ ಯಂತ್ರಗಳು ಮುದ್ರಿಸುವ ಥರ್ಮಲ್ ಕಾಗದದ ಅಕ್ಷರ ಕಾಲ ಕಳೆದಂತೆ ಮಾಸುತ್ತದೆ. ನನ್ನ ಶೇವರಿನ ವಾರಂಟಿ ಇನ್ನೂ ಎರಡು ತಿಂಗಳು ಬಾಕಿಯಿತ್ತು. ಬೀರುವಿನಿಂದ ಬಿಲ್ ತೆಗೆದು ನೋಡಿದರೆ ಅಂಗಡಿಯ ಹೆಸರಿನ ಮಸುಕು ಗೆರೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಬಿಳಿ.